ಹದಿನೈದು ಪಿಕ್ಸೆಲ್‌ನ ಪಾಠಗಳು

ಬಂಗಾಳದ ಸಾಲ್ಟ್ ಲೇಕ್‌ನಲ್ಲಿ ಪ್ರತಿ ಭಾನುವಾರ ನಡೆಯುವ ಒಂದು ಕನ್ನಡ ತರಗತಿ ಹೋದ ಚಳಿಗಾಲದಲ್ಲಿ ಮುಚ್ಚಿಹೋಗುವುದರಲ್ಲಿತ್ತು. ಅದಕ್ಕೆ ಕಾರಣ ನಾನು. ತರಗತಿ ನಡೆಸುವ ಟೀಚರ್ ತಮ್ಮ ಕಣ್ಣು ಹೋಗುತ್ತಿದೆ ಎಂದು ನಂಬಿಕೊಂಡು ಹೆಚ್ಚುಕಡಿಮೆ ಎರಡು ತಿಂಗಳು ಕಳೆದರು. ಹಾಗೆ ನಂಬಿಸಿದವಳೂ ನಾನೇ. ಕೇಡು ಬಯಸಿ ಮಾಡಿದ್ದಲ್ಲ. ಬಹಳ ಪ್ರೀತಿಯಿಂದ, ಬಹಳ ಅಚ್ಚುಕಟ್ಟಾಗಿ ಮಾಡಿದ್ದು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ನ್ಯೂ ಟೌನ್‌ನ ಒಂದು ಐ.ಟಿ. ಪಾರ್ಕಿನಲ್ಲಿ ವೆಬ್ ಪುಟಗಳಿಗೆ ರೂಪ ಕೊಡುವ ಕೆಲಸ ಮಾಡುತ್ತೇನೆ. ಯಾವ ಬಣ್ಣ, ಎಷ್ಟು ಅಂತರ, ಅಕ್ಷರ ಎಷ್ಟು ದೊಡ್ಡದು, ಎರಡು ಸಾಲುಗಳ ನಡುವೆ ಎಷ್ಟು ಜಾಗ, ಇದೆಲ್ಲವನ್ನೂ ಬರೆದಿಡುವ ಕಡತಕ್ಕೆ ಸ್ಟೈಲ್ ಶೀಟ್ ಎನ್ನುತ್ತಾರೆ. ಡಿಸೈನರ್‌ಗಳು ಚಿತ್ರ ಬರೆದು ಕಳಿಸುತ್ತಾರೆ, ನಾನು ಅದನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಪರದೆಯ ಮೇಲೆ ಇಳಿಸಬೇಕು. ಇಳಿಸುತ್ತೇನೆ. ಬೇರೆಯವರು ಒಂದು ಗುಂಡಿಯನ್ನು ಎರಡು ಪಿಕ್ಸೆಲ್, ಎಂದರೆ ಪರದೆಯ ಎರಡು ಚುಕ್ಕೆಯಷ್ಟು, ಆಚೆ ಇಟ್ಟಿದ್ದರೆ ನನಗೆ ದೂರದಿಂದಲೇ ಕಾಣುತ್ತದೆ, ಕಂಡ ಮೇಲೆ ಸುಮ್ಮನಿರಲು ಆಗುವುದಿಲ್ಲ. ಆಫೀಸಿನಲ್ಲಿ ಬೆನ್ನ ಹಿಂದೆ ನನ್ನನ್ನು ‘ಸ್ಕೇಲ್ ದಿದಿ’ ಎನ್ನುತ್ತಾರೆಂದು ಗೊತ್ತು. ಮೈಸೂರಿನವರು ಮೆದು ಮಾತಿನವರು ಎಂದು ಯಾರೋ ಹಬ್ಬಿಸಿದ್ದಾರೆ, ನನ್ನನ್ನು ನೋಡದೆ ಹಬ್ಬಿಸಿರಬೇಕು.

ಟೀಚರ್ ಉಡುಪಿ ಕಡೆಯವರು. ಮದುವೆಯಾಗಿ ಈ ಊರಿಗೆ ಬಂದು ಮೂವತ್ತೈದು ವರ್ಷ ದಾಟಿತ್ತು. ಅವರ ಯಜಮಾನರು ಬಿಬಿಡಿ ಬಾಗ್‌ನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದು ನಿವೃತ್ತರಾದವರು. ನಾವೆಲ್ಲ ಅವರನ್ನು ಅಂಕಲ್ ಎನ್ನುತ್ತೇವೆ. ಟೀಚರ್ ಯಾವ ಶಾಲೆಯಲ್ಲೂ ಕೆಲಸ ಮಾಡಿದವರಲ್ಲ. ತಮ್ಮ ಮಕ್ಕಳಿಗೆ ಅಕ್ಷರ ಕಲಿಸಲು ಕೂತಾಗ ಪಕ್ಕದ ಬ್ಲಾಕಿನ ಕನ್ನಡದವರೂ ಮಕ್ಕಳನ್ನು ತಂದು ಬಿಟ್ಟರು. ಅವರ ಮಕ್ಕಳು ದೊಡ್ಡವರಾಗಿ ಹೋದರು, ತರಗತಿ ಮಾತ್ರ ಉಳಿಯಿತು. ನನ್ನ ಮಗಳು ಸೇರಿದಾಗ ಹನ್ನೊಂದು ಮಕ್ಕಳಿದ್ದರು. ಎಲ್ಲರಿಗೂ ಕನ್ನಡ ಅರ್ಥವಾಗುತ್ತಿತ್ತು, ಮಾತಾಡು ಎಂದರೆ ಮಾತ್ರ ಇಂಗ್ಲಿಷಿಗೋ ಹಿಂದಿಗೋ ಜಾರಿಕೊಳ್ಳುತ್ತಿದ್ದರು. ಫುಚ್ಕಾ ಎಂಬ ಇಲ್ಲಿನ ಪಾನಿಪುರಿ ಕೇಳಲು ಬಂಗಾಳಿ ಮಾತ್ರ ಎಲ್ಲರಿಗೂ ಚೊಕ್ಕವಾಗಿ ಬರುತ್ತಿತ್ತು.

ಟೀಚರ್ ಪಾಠಗಳನ್ನು ತಾವೇ ಕಟ್ಟುತ್ತಿದ್ದರು. ಅಡಿಕೆ ತೋಟ, ಕೊಟ್ಟಿಗೆ ಎಲ್ಲ ಈ ಮಕ್ಕಳು ಕಂಡದ್ದಲ್ಲ. ಹಾಗಾಗಿ ಅವರ ಪಾಠಗಳಲ್ಲಿ ಟ್ರಾಮು ಬರುತ್ತಿತ್ತು, ದುರ್ಗಾಪೂಜಾ ರಜೆ ಬರುತ್ತಿತ್ತು, ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿಸಿಕೊಂಡ ಒಬ್ಬ ಅಜ್ಜ ಬರುತ್ತಿದ್ದ. ದಪ್ಪ ಮಾರ್ಕರ್ ಪೆನ್ನಿನಿಂದ ಹಾಳೆಯ ತುಂಬ ಬರೆದು, ಅಂಕಲ್ ಕೈಯಲ್ಲಿ ಝೆರಾಕ್ಸ್ ಮಾಡಿಸಿ ಹಂಚುತ್ತಿದ್ದರು. ಒಂದು ಹಾಳೆಗೆ ಐದೇ ಸಾಲು. ಇಷ್ಟು ದೊಡ್ಡದಾಗಿ ಏಕೆ ಬರೆಯುತ್ತಾರೆ ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ. ಮಕ್ಕಳಿಗಾಗಿ ಎಂದುಕೊಂಡೆ. ಬಹುಶಃ ಅವರೂ ಹಾಗೆಯೇ ಅಂದುಕೊಂಡಿದ್ದರು.

ತರಗತಿಯ ಕ್ರಮ ಬಹಳ ಸರಳ. ಮೊದಲು ಟೀಚರ್ ಒಂದು ವಾಕ್ಯ ಓದಬೇಕು, ಮಕ್ಕಳು ಹಾಳೆಯ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು, ಆಮೇಲೆ ಅದೇ ವಾಕ್ಯವನ್ನು ಒಬ್ಬೊಬ್ಬರೂ ಓದಬೇಕು. ಬಾಯಿಪಾಠಕ್ಕೆ ಅಲ್ಲಿ ಜಾಗವಿರಲಿಲ್ಲ. ಯಾವ ಮಗುವಾದರೂ ಹಾಳೆ ನೋಡದೆ ಹೇಳಿದರೆ ಟೀಚರ್ ಮೇಜು ಕುಟ್ಟುತ್ತಿದ್ದರು.

“ಬಾಯಲ್ಲಿ ಹೇಳುದಲ್ಲ, ಕಣ್ಣಲ್ಲಿ ಓದುದು. ಬೆರಳು ಎಲ್ಲುಂಟು? ತೋರಿಸು!”

ಆ ಹಾಳೆಗಳು ಮನೆಗೆ ಬರುವ ಹೊತ್ತಿಗೆ ಎಣ್ಣೆ, ಚಾ, ಮುದುರು ಎಲ್ಲವನ್ನೂ ಕಂಡಿರುತ್ತಿದ್ದವು. ಒಂದು ಭಾನುವಾರ ಮಗಳ ಚೀಲದ ತಳದಲ್ಲಿ ಮೂರು ವಾರದ ಪಾಠಗಳು ಒಂದು ಶಿಂಗಾಡಾದ, ಅಂದರೆ ಇಲ್ಲಿನ ಸಮೋಸಾದ ಜೊತೆ ಅಂಟಿಕೊಂಡಿದ್ದು ಕಂಡು ನನಗೆ ರೇಗಿತು. ಈ ಕಾಲದಲ್ಲಿ ಇದೇನಿದು ಝೆರಾಕ್ಸ್! ಎಲ್ಲ ಪಾಠಗಳನ್ನೂ ಒಂದು ವೆಬ್ ಪುಟಕ್ಕೆ ಹಾಕಿಕೊಡುತ್ತೇನೆ, ಮಕ್ಕಳು ಟ್ಯಾಬಿನಲ್ಲಿ ನೋಡಲಿ, ನೀವು ಲ್ಯಾಪ್‌ಟಾಪಿನಲ್ಲಿ ನೋಡಿ ಎಂದೆ. ಟೀಚರ್‌ಗೆ ಖುಷಿಯಾಯಿತು. ಆದರೂ ಸಣ್ಣ ಅನುಮಾನವಿತ್ತು.

“ನಂಗೆ ಅದೆಲ್ಲ ಒತ್ಲಿಕ್ಕೆ ಬರ್ತದಾ?”

“ದಿನಾ ಪೇಪರ್ ಓದ್ತೀರಲ್ಲ ಟೀಚರ್, ಹಾಗೇನೇ ಇದೂ.”

ಹೌದು, ಅವರು ದಿನವೂ ಲ್ಯಾಪ್‌ಟಾಪಿನಲ್ಲಿ ಕನ್ನಡ ಸುದ್ದಿ ಓದುತ್ತಿದ್ದರು. ಈ ಊರಲ್ಲಿ ಕನ್ನಡ ಪತ್ರಿಕೆ ಮನೆ ಬಾಗಿಲಿಗೆ ಬರುವುದಿಲ್ಲವಲ್ಲ. ಕೆಲವು ವರ್ಷಗಳ ಹಿಂದೆ ಅವರ ಕಣ್ಣಿನ ಹಿಂಪರದೆಗೆ ತೊಂದರೆಯಾಗಿ ಚುಚ್ಚುಮದ್ದು ಹಾಕಿಸಿದ್ದರೆಂದು ಕೇಳಿದ್ದೆ. ಆದರೆ ಅದೆಲ್ಲ ಮುಗಿದ ಕಥೆ ಎಂಬಂತೆ ಅವರು ಮಾತಾಡುತ್ತಿದ್ದರು. ಪುಸ್ತಕ ಓದುವುದನ್ನು ಬಿಟ್ಟಿದ್ದರು, ನಿಜ. ಅದಕ್ಕೆ ಪ್ರಕಾಶಕರನ್ನು ಬೈಯುತ್ತಿದ್ದರು. “ಈಗ ಎಲ್ಲ ಸಣ್ಣ ಸಣ್ಣ ಅಕ್ಷರ ಹಾಕ್ತಾರೆ, ಕಂಜೂಸಿಗಳು. ನನ್ನ ಲ್ಯಾಪ್‌ಟಾಪಿನಲ್ಲಿ ನೋಡು, ಹೇಗೆ ಲಾಯ್ಕ ಕಾಣ್ತದೆ!”

ಇನ್ನು ನನ್ನ ಕೆಲಸ. ಶನಿವಾರ ಬೆಳಿಗ್ಗೆಗಳಲ್ಲಿ ಕೂತು ಪುಟ ಕಟ್ಟಿದೆ. ಆಫೀಸಿನದು ಇನ್ಯಾರದೋ ರುಚಿ. ಇದು ನನ್ನದು, ಅದೂ ಕನ್ನಡದ್ದು. ತಿಳಿ ಹಳದಿ ಹಿನ್ನೆಲೆ, ಕಂದು ಅಕ್ಷರ, ಪಾಠಕ್ಕೊಂದು ಚೌಕಟ್ಟು, ಚೌಕಟ್ಟಿನೊಳಗೆ ಪಟ್ಟಿ, ಪಟ್ಟಿಯೊಳಗೆ ಹೊಸ ಪದಗಳ ಇನ್ನೊಂದು ಪಟ್ಟಿ.

ಅಕ್ಷರದ ಗಾತ್ರವನ್ನು ಮೊದಲು ‘ಎಂ’ ಎಂಬ ಅಳತೆಯಲ್ಲಿ ಬರೆದೆ. ಎಂ ಎಂದರೆ ಸ್ವಂತ ಬೆಲೆಯಿಲ್ಲದ ಅಳತೆ. ತನ್ನನ್ನು ಸುತ್ತಿಕೊಂಡಿರುವ ಚೌಕಟ್ಟಿನ ಅಕ್ಷರ ಎಷ್ಟಿದೆಯೋ ಅದಕ್ಕೆ ಇಷ್ಟು ಪಾಲು ಎಂದು ಲೆಕ್ಕ ಹಾಕುತ್ತದೆ. ಚೌಕಟ್ಟಿನಲ್ಲಿ ಅಕ್ಷರ ಸ್ವಲ್ಪ ಚಿಕ್ಕದಿರಲಿ ಎಂದು ಸೊನ್ನೆ ದಶಾಂಶ ಒಂಬತ್ತು, ಎಂದರೆ ಹತ್ತರಲ್ಲಿ ಒಂಬತ್ತು ಪಾಲು ಎಂದೆ. ಪಟ್ಟಿಗೂ ಅದನ್ನೇ ಎಂದೆ. ಒಳಪಟ್ಟಿಗೂ ಅದನ್ನೇ. ಒಂದರೊಳಗೊಂದು ಸೇರಿ ಅಕ್ಷರ ಮೂರು ಸಲ ಸೊರಗಿತು. ಹದಿನಾರು ಪಿಕ್ಸೆಲ್‌ನಿಂದ ಹೊರಟದ್ದು ಒಳಪಟ್ಟಿಗೆ ಬರುವಾಗ ಹನ್ನೆರಡರೊಳಗೆ ಇಳಿದಿತ್ತು. ಇಂಗ್ಲಿಷಾಗಿದ್ದರೆ ಹೇಗೋ ನಡೆಯುತ್ತಿತ್ತು. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು ಬರುತ್ತದೆ, ಒತ್ತಿನ ಕೆಳಗೆ ಇನ್ನೊಂದು. ‘ರಾಷ್ಟ್ರ’ ಎಂಬ ಪದದ ತಳದಲ್ಲಿ ಇರುವೆ ಸತ್ತು ಬಿದ್ದಂತೆ ಏನೋ ಕಾಣುತ್ತಿತ್ತು. ಸಾಲಿನ ಅಂತರ ಸಾಲದೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ತಿವಿಯುತ್ತಿತ್ತು.

ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಹಾಳಾಗುತ್ತಿತ್ತು. ಮೂರನೇ ಶನಿವಾರ ನನ್ನ ತಾಳ್ಮೆ ತೀರಿತು. ಎಲ್ಲ ಎಂಗಳನ್ನೂ ಕಿತ್ತು ಬಿಸಾಡಿ ಪಿಕ್ಸೆಲ್ ಹಾಕಿದೆ. ಪಿಕ್ಸೆಲ್‌ಗೆ ಸುತ್ತಲಿನವರ ಹಂಗಿಲ್ಲ. ಹದಿನೈದು ಎಂದರೆ ಹದಿನೈದೇ, ಯಾವ ಚೌಕಟ್ಟಿನೊಳಗಿದ್ದರೂ ಹದಿನೈದೇ. ಅಕ್ಷರಕ್ಕೆ ಹದಿನೈದು, ಸಾಲಿಗೆ ಇಪ್ಪತ್ತಾರು, ಚೌಕಟ್ಟಿನ ಎತ್ತರಕ್ಕೂ ಒಂದು ಖಡಾಖಂಡಿತ ಸಂಖ್ಯೆ. ಒತ್ತುಗಳು ಬಾಲ ಮುದುರಿಕೊಂಡು ತಮ್ಮ ತಮ್ಮ ಜಾಗದಲ್ಲಿ ಕೂತವು. ಪುಟ ಎಷ್ಟು ಚೆನ್ನಾಗಿ ಕಾಣಿಸಿತೆಂದರೆ ನಾನೇ ಐದು ಸಲ ನೋಡಿದೆ.

ಈ ಎರಡಕ್ಕಿಂತ ಬೇರೆಯಾದ ‘ರೆಂ’ ಎಂಬ ಅಳತೆಯೂ ಇದೆ, ನನಗೆ ಗೊತ್ತಿಲ್ಲದೆ ಏನಿಲ್ಲ. ಓದುವವರು ತಮ್ಮ ಬ್ರೌಸರಿಗೆ ‘ನನಗೆ ಮಾಮೂಲು ಅಕ್ಷರ ಇಷ್ಟು ದೊಡ್ಡದಿರಲಿ’ ಎಂದು ಒಮ್ಮೆ ಹೇಳಿಟ್ಟಿರಬಹುದು. ರೆಂ ನೇರವಾಗಿ ಆ ಮಾತನ್ನು ಕೇಳಿಸಿಕೊಳ್ಳುತ್ತದೆ. ಅನ್ನಕ್ಕೆ ಇಡುವಾಗ ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಎನ್ನುತ್ತೇವಲ್ಲ, ಲೋಟ ಯಾವುದಾದರೂ ಅನ್ನ ಸರಿಯಾಗಿಯೇ ಆಗುತ್ತದೆ, ಹಾಗೆ. ಪಿಕ್ಸೆಲ್ ಮಾತ್ರ ಲೋಟವನ್ನೂ ನಾನೇ ತರುತ್ತೇನೆ ಎಂದು ಹಟ ಹಿಡಿಯುತ್ತದೆ. ಆದರೆ ಹನ್ನೊಂದು ಮಕ್ಕಳು, ಒಬ್ಬರು ಟೀಚರ್ ಇರುವ ತರಗತಿಯಲ್ಲಿ ಬ್ರೌಸರಿಗೆ ಹೋಗಿ ಅಂಥ ಮಾತು ಹೇಳಿಟ್ಟವರು ಯಾರಿರುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೇ ಇಲ್ಲ.

ಟೈಪ್ ಮಾಡುತ್ತಾ ಮಾಡುತ್ತಾ ಪಾಠಗಳಿಗೂ ಅಲ್ಲಲ್ಲಿ ಕೈ ಹಾಕಿದೆ. ‘ಅತ್ತೆ ಹೌರಾದಿಂದ ಬಸ್ಸಿನಲ್ಲಿ ಬಂದರು’ ಎಂದು ಟೀಚರ್ ಬರೆದಿದ್ದರು. ಈಗ ಮೆಟ್ರೊ ಇದೆಯಲ್ಲ ಎಂದು ಅತ್ತೆಯನ್ನು ಬಸ್ಸಿನಿಂದ ಇಳಿಸಿ ಮೆಟ್ರೊ ಹತ್ತಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲೇ ಪುಟವನ್ನು ಟೀಚರ್‌ಗೆ ತೋರಿಸಿದೆ. ಅವರು ಸ್ವಲ್ಪ ಮುಂದೆ ಬಾಗಿ, ಸ್ವಲ್ಪ ಹೊತ್ತು ನೋಡಿದರು.

“ಚೆಂದ ಉಂಟು ಮಾರಾಯ್ತಿ. ಬಣ್ಣ ಎಲ್ಲ ಹಾಕಿ ಎಷ್ಟು ಚೆಂದ!”

ಬಣ್ಣವನ್ನಷ್ಟೇ ಹೊಗಳಿದರು ಎಂಬುದು ನನಗೆ ಆಗ ತಟ್ಟಲಿಲ್ಲ. ಹೊಗಳಿಕೆ ಸಿಕ್ಕಿದ್ದು ಸಾಕಾಗಿತ್ತು.

ಪೂಜಾ ರಜೆ ಮುಗಿದು, ಬಡಾವಣೆಯ ಪೂಜಾ ಪ್ಯಾಂಡಲುಗಳ ಬಿದಿರು ಬಿಚ್ಚುತ್ತಿರುವಾಗ ಹೊಸ ಪುಟದೊಂದಿಗೆ ತರಗತಿ ಶುರುವಾಯಿತು. ಮಕ್ಕಳಿಗೆ ಸಂಭ್ರಮ. ನಾಲ್ಕೈದು ವಾರ ಎಲ್ಲ ಸುಸೂತ್ರವಾಗಿ ನಡೆಯುತ್ತಿದೆ ಎಂದೇ ನಾನು ತಿಳಿದಿದ್ದೆ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಆಟೋದಲ್ಲಿ ಬರುವಾಗ ಅವಳು ಹೇಳಿದಳು:

“ಅಮ್ಮ, ಟೀಚರ್ ರೀಡ್ ಮಾಡ್ತಿಲ್ಲ. ಶೀ ಈಸ್ ಜಸ್ಟ್ ಸೇಯಿಂಗ್ ಇಟ್.”

“ಹಂಗಂದ್ರೆ?”

“ಪೇಜಲ್ಲಿ ಮೆಟ್ರೊ ಅಂತಿದೆ. ಟೀಚರ್ ಬಸ್ಸು ಅಂದ್ರು. ನಾವೆಲ್ಲ ಮೆಟ್ರೊ ಅಂದ್ವಿ. ಟೀಚರ್ ಬಸ್ಸು ಅಂತಾನೇ ಅಂದ್ರು. ದೆನ್ ಎವ್ರಿಬಡಿ ಲಾಫ್ಡ್.”

“ನೀನೂ ನಕ್ಕಿದ್ಯಾ?”

ಅವಳು ಕಿಟಕಿಯ ಕಡೆ ತಿರುಗಿದಳು. ನಾನು ಅವಳನ್ನು ಬೈದೆ. ಬೈಯುವಾಗ ಒಳಗೊಳಗೇ ಟೀಚರ್ ಮೇಲೂ ಮುನಿಸು. ನಾನು ಇಷ್ಟು ಶನಿವಾರ ಕೂತು ಮಾಡಿದ್ದನ್ನು ಕಣ್ಣೆತ್ತಿ ನೋಡುತ್ತಿಲ್ಲ, ಹಳೆಯದನ್ನೇ ಒಪ್ಪಿಸುತ್ತಿದ್ದಾರೆ. ಬಾಯಲ್ಲಿ ಹೇಳಬಾರದು ಎಂದು ಮಕ್ಕಳಿಗೆ ಮೇಜು ಕುಟ್ಟುವವರು ತಾವೇ ಹಾಗೆ ಮಾಡಿದರೆ ಹೇಗೆ? ನನ್ನ ಪುಟ ಹಿಡಿಸಿಲ್ಲ, ಬಾಯಿಬಿಟ್ಟು ಹೇಳಲು ಸಂಕೋಚ ಎಂದು ತೀರ್ಮಾನಿಸಿ ಎರಡು ವಾರ ಬಿಗುಮಾನ ಮಾಡಿದೆ. ಮಗಳನ್ನು ಗೇಟಿನಲ್ಲೇ ಬಿಟ್ಟು, ಒಳಗೆ ಹೋಗದೆ, ಎದುರಿನ ಚಾ ಅಂಗಡಿಯಲ್ಲಿ ಕೂತಿರುತ್ತಿದ್ದೆ.

ಡಿಸೆಂಬರ್ ನಡುವಿನಲ್ಲಿ ಪೋಷಕರ ಗುಂಪಿಗೆ ಟೀಚರ್ ಒಂದು ಧ್ವನಿ ಸಂದೇಶ ಕಳಿಸಿದರು. ನಾನು ಆಫೀಸಿನ ಬಸ್ಸಿನಲ್ಲಿದ್ದೆ.

“ಎಲ್ಲರಿಗೂ ನಮಸ್ಕಾರ. ಈ ತಿಂಗಳ ಕೊನೆಗೆ ತರಗತಿ ನಿಲ್ಲಿಸುವಾ ಅಂತ. ನನ್ನ ಕಣ್ಣು ಇನ್ನು ಸಾಗುದಿಲ್ಲ. ಓದ್ಲಿಕ್ಕೆ ಆಗದವಳು ಓದಿಸುದು ಸರಿ ಅಲ್ಲ. ಮಕ್ಕಳು ನನ್ನ ಮೇಲೆ ಬೇಜಾರ ಮಾಡುದು ಬೇಡ.”

ಅವರ ದನಿಯಲ್ಲಿ ಅಳು ಇರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಎರಡು ವಾರ ಎದುರಿನ ಚಾ ಅಂಗಡಿಯಲ್ಲಿ ಬಿಗುಮಾನದಿಂದ ಕೂತವಳು ನಾನು! ಅತ್ತ ಅವರು ಕಣ್ಣು ಕಳೆದುಕೊಳ್ಳುತ್ತಿದ್ದರು. ನಾಚಿಕೆಯಿಂದ ಯಾರಿಗೂ ಮುಖ ತೋರಿಸಬಾರದು ಅನ್ನಿಸಿತು.

ಶನಿವಾರ ಬೆಳಿಗ್ಗೆ ಹೋದೆ. ಅಂಕಲ್ ಬಾಗಿಲು ತೆರೆದರು. ಟೀಚರ್ ಊಟದ ಮೇಜಿನ ಹತ್ತಿರ ಕೂತು ಬಟಾಣಿ ಬಿಡಿಸುತ್ತಿದ್ದರು. ಅವರ ಪಕ್ಕದಲ್ಲಿ ಹಳೆಯ ಪುಸ್ತಕಗಳನ್ನು ದಾರ ಸುತ್ತಿ ಜೋಡಿಸಿಟ್ಟಿತ್ತು.

“ಬಾ ಮಾರಾಯ್ತಿ. ನೋಡು, ಈ ಪುಸ್ತಕ ಎಲ್ಲ ನಿಂಗೆ ಬೇಕಾ? ಇಲ್ಲದಿದ್ರೆ ಕನ್ನಡ ಸಂಘದ ಲೈಬ್ರರಿಗೆ ಕೊಡ್ಲಿಕ್ಕುಂಟು. ನಂಗೆ ಇನ್ನೆಂತಕ್ಕೆ?”

“ಡಾಕ್ಟ್ರು ಏನಂದ್ರು ಟೀಚರ್?”

“ಅವರು ಎಂತ ಹೇಳುದು. ಕಳೆದ ವರ್ಷ ಹೇಗುಂಟೋ ಹಾಗೇ ಉಂಟು ಹೇಳಿದ್ರು. ಸಮಾಧಾನಕ್ಕೆ ಹೇಳುದು. ಪ್ರಾಯದವರಿಗೆ ಎಲ್ಲ ಹಾಗೆಯೇ ಹೇಳುದಲ್ವಾ?”

ಅಂಕಲ್ ಅಡುಗೆಮನೆಯ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದರು. ಅವರೂ ಡಾಕ್ಟರ ಮಾತನ್ನು ನಂಬಿರಲಿಲ್ಲವೆಂದು ಮುಖದಲ್ಲೇ ಕಾಣುತ್ತಿತ್ತು.

“ಪೇಪರ್ ಓದೋದೂ ಆಗ್ತಿಲ್ವಾ?” ಎಂದೆ.

“ಅದು ಓದ್ತೇನೆ. ಅವರು ದೊಡ್ಡ ದೊಡ್ಡ ಅಕ್ಷರದಲ್ಲಿ ಹಾಕ್ತಾರಲ್ಲ. ನೀನು ಮಾಡಿದ್ದು ಎಲ್ಲರಿಗೂ ಸರಿ ಇರುವ ಹಾಗೆ ಮಾಡಿದ್ದು. ಸಣ್ಣ ಮಕ್ಕಳು ಕೂಡ ಓದ್ತವೆ. ನಂಗೆ ಮಾತ್ರ ಸಾಲು ಯಾವುದು, ಒತ್ತು ಯಾವುದು ಗೊತ್ತಾಗುದಿಲ್ಲ. ಮೂರು ತಿಂಗಳ ಹಿಂದೆ ನಾನು ಸರಿ ಇದ್ದೆ. ಈ ಪೂಜೆ ಕಳೆದದ್ದೇ, ಕಣ್ಣು ಇಳೀತು.”

ಪೂಜೆ ಕಳೆದದ್ದೇ. ನನ್ನ ಪುಟ ಬಂದದ್ದೂ ಆಗಲೇ.

“ನಿಮ್ಮ ಲ್ಯಾಪ್‌ಟಾಪ್ ಒಂದ್ಸಲ ನೋಡ್ಲಾ?”

ತೆರೆದೆ. ಅವರು ದಿನವೂ ಓದುವ ಸುದ್ದಿಯ ತಾಣ ಮುಂದಿತ್ತು. ಅದು ‘ದೊಡ್ಡ ದೊಡ್ಡ ಅಕ್ಷರದಲ್ಲಿ’ ಹಾಕಿದ್ದಲ್ಲ. ಅದೇ ತಾಣವನ್ನು ನಾನೂ ದಿನಾ ಬಸ್ಸಿನಲ್ಲಿ ಓದುತ್ತೇನೆ, ಅಲ್ಲಿ ಅಕ್ಷರ ಬೇರೆ ತಾಣಗಳಲ್ಲಿರುವಷ್ಟೇ ಇರುತ್ತದೆ. ಇಲ್ಲಿ ಮಾತ್ರ ಒಂದೂವರೆ ಪಟ್ಟು ಇತ್ತು. ಪಕ್ಕದಲ್ಲಿ ನನ್ನ ಪುಟ ತೆರೆದೆ. ತಿಳಿ ಹಳದಿಯ ಮೇಲೆ, ಅಚ್ಚುಕಟ್ಟಾಗಿ, ಸಣ್ಣಗೆ, ಹದಿನೈದು ಪಿಕ್ಸೆಲ್.

ಬ್ರೌಸರಿನ ಸೆಟ್ಟಿಂಗ್ಸಿಗೆ ಹೋದೆ. ಅಕ್ಷರದ ಗಾತ್ರ ಎಂಬಲ್ಲಿ ‘ಬಹಳ ದೊಡ್ಡದು’ ಎಂದು ಆರಿಸಿಟ್ಟಿತ್ತು. ಸುದ್ದಿಯ ತಾಣ ಆ ಮಾತು ಕೇಳಿತ್ತು; ಹದಿನಾರರ ಬದಲು ಇಪ್ಪತ್ತನಾಲ್ಕು ಕೊಟ್ಟಿತ್ತು. ನನ್ನ ಪುಟ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಪುಟವನ್ನೇ ಹಿಗ್ಗಿಸುವ ಕೀಲಿಗಳು ಬೇರೆ ಇವೆ, ಒತ್ತಿದ್ದರೆ ಪಿಕ್ಸೆಲ್ ಕೂಡ ದೊಡ್ಡದಾಗುತ್ತಿತ್ತು. ಅದು ಅವರಿಗೆ ಗೊತ್ತಿರಲಿಲ್ಲ, ತೋರಿಸಿಕೊಡಬೇಕಾದವಳು ನಾನು, ತೋರಿಸಿರಲಿಲ್ಲ.

“ಟೀಚರ್, ನಿಮ್ಮ ಕಣ್ಣು ಇಳಿದಿಲ್ಲ. ತಪ್ಪು ನನ್ನದು. ನಾನು ಅಕ್ಷರ ಬೆಳೆಯದ ಹಾಗೆ ಮೊಳೆ ಹೊಡೆದುಬಿಟ್ಟಿದೀನಿ.”

“ಸಮಾಧಾನಕ್ಕೆ ನೀನೂ ಶುರು ಮಾಡಿದ್ಯಾ?”

“ಇಲ್ಲ, ಕೇಳಿ. ಈ ಲ್ಯಾಪ್‌ಟಾಪಲ್ಲಿ ದೊಡ್ಡಕ್ಷರ ಕೊಡು ಅಂತ ಹೇಳಿಟ್ಟಿದೆ. ಬೇರೆ ಪುಟಗಳು ಕೇಳ್ತವೆ. ನನ್ನ ಪುಟ ಕೇಳ್ತಿಲ್ಲ. ಅಷ್ಟೇ.”

ಅವರ ಕೈಯಲ್ಲಿದ್ದ ಬಟಾಣಿ ಸಿಪ್ಪೆ ಹಾಗೇ ನಿಂತಿತು.

“ಹೇಳಿಟ್ಟದ್ದು ಯಾರು? ನಾನಂತೂ ಹೇಳ್ಲಿಲ್ಲ.”

ಅಂಕಲ್ ಎರಡು ಹೆಜ್ಜೆ ಮುಂದೆ ಬಂದರು.

“ನಾನು ಮಾಡಿದ್ದು,” ಎಂದರು. “ಇದು ತಂದಾಗಲೇ ಮಾಡಿದೆ. ಮೂರು ವರ್ಷ ಆಯ್ತು. ಇಂಜೆಕ್ಷನ್ ಹಾಕಿಸಿ ಬಂದ ಮೇಲೆ ನೀನು ಪೇಪರ್ ಓದ್ಲಿಕ್ಕೆ ಕೂತು, ಆಗದೆ, ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತೆ. ನಂಗೆ ನೋಡ್ಲಿಕ್ಕೆ ಆಗ್ಲಿಲ್ಲ. ಹೊಸ ಲ್ಯಾಪ್‌ಟಾಪ್, ಒಳ್ಳೆ ಸ್ಕ್ರೀನು ಅಂತ ಹೇಳಿದೆ.”

ಟೀಚರ್ ಬಟಾಣಿ ಸಿಪ್ಪೆಯನ್ನು ಮೇಜಿನ ಮೇಲಿಟ್ಟರು.

“ಈಗ ಅಷ್ಟು ದೊಡ್ಡದು ಮಾಡಿಟ್ಟರೂ ನಿಂಗೆ ಕಾಣುದಿಲ್ಲ ಅಂದಾಗ, ನಿಜವಾಗಿಯೂ ಕಣ್ಣು ಹೋಯ್ತು ಅಂತ ನಾನೂ ಗ್ರಹಿಸಿದೆ. ನಿನ್ನ ಹತ್ರ ಹೇಗೆ ಹೇಳುದು?”

ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಾ ಎರಡು ತಿಂಗಳು ಒಂದೇ ಭಯವನ್ನು ಬೇರೆ ಬೇರೆ ಕೋಣೆಯಲ್ಲಿ ಕೂತು ಅನುಭವಿಸಿದ್ದರು. ನಡುವೆ ನನ್ನ ಚೆಂದದ ಪುಟ. ಎದ್ದು ಓಡಿಹೋಗೋಣ ಅನ್ನಿಸಿತು. ಓಡಿಹೋಗುವ ಬದಲು ನನ್ನ ಲ್ಯಾಪ್‌ಟಾಪ್ ತೆಗೆದು ಅದೇ ಮೇಜಿನ ಮೇಲಿಟ್ಟೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ಸ್ಟೈಲ್ ಶೀಟಿನಲ್ಲಿ ಅಕ್ಷರದ ಹದಿನೈದು ಪಿಕ್ಸೆಲ್ ಅಳಿಸಿ ಒಂದು ರೆಂ ಎಂದು ಬರೆದೆ. ಅದನ್ನು ವೆಬ್‌ಗೆ ಏರಿಸಿ, ಅವರ ಲ್ಯಾಪ್‌ಟಾಪಿನಲ್ಲಿ ಪುಟ ಮತ್ತೆ ತೆರೆದೆ. ಅಕ್ಷರ ಒಮ್ಮೆಲೇ ಬೆಳೆದು ನಿಂತಿತು. ಆದರೆ ಸಾಲಿನ ಅಂತರ ಹಳೆಯ ಇಪ್ಪತ್ತಾರರಲ್ಲೇ ಇತ್ತು. ಒತ್ತುಗಳೆಲ್ಲ ಕೆಳಗಿನ ಸಾಲಿನ ಮೇಲೆ ಸವಾರಿ ಮಾಡಿದವು, ಚೌಕಟ್ಟಿನ ಕೊನೆಯ ಸಾಲು ಅರ್ಧಕ್ಕೆ ಕತ್ತರಿಸಿಹೋಯಿತು.

“ಇದೆಂತ, ಗಲಾಟೆ ಆಗ್ತಾ ಉಂಟು ಒಳಗೆ,” ಎಂದು ಟೀಚರ್ ಹೇಳಿದರು. ಅವರ ದನಿ ಇನ್ನೂ ಗಟ್ಟಿಯಾಗಿಯೇ ಇತ್ತು, ಆದರೆ ಕುರ್ಚಿ ಹತ್ತಿರ ಎಳೆದುಕೊಂಡಿದ್ದರು.

“ಒಂದ್ನಿಮಿಷ.”

ಸಾಲಿನ ಅಂತರದ ಪಿಕ್ಸೆಲ್ ಕಿತ್ತೆ. ಅಳತೆಯ ಹೆಸರೇ ಇಲ್ಲದೆ ಒಂದು ದಶಾಂಶ ಎಂಟು ಎಂದಷ್ಟೇ ಬರೆದೆ. ಹಾಗೆ ಬರೆದರೆ ಅಕ್ಷರ ಎಷ್ಟು ಬೆಳೆದರೂ ಸಾಲು ಅದರ ಜೊತೆಗೇ ಬೆಳೆಯುತ್ತದೆ. ಚೌಕಟ್ಟಿಗೆ ಕೊಟ್ಟಿದ್ದ ಎತ್ತರವನ್ನು ತೆಗೆದೇ ಹಾಕಿದೆ, ಒಳಗಿನ ಪಾಠ ಎಷ್ಟಿದೆಯೋ ಅಷ್ಟಕ್ಕೆ ಅದೇ ಹಿಗ್ಗಲಿ ಎಂದು. ಇದಿಷ್ಟಕ್ಕೂ ಹತ್ತು ನಿಮಿಷ ಹಿಡಿಯಲಿಲ್ಲ. ಹತ್ತು ನಿಮಿಷದ ಕೆಲಸ!

ಪುಟ ಮತ್ತೆ ತೆರೆಯಿತು. ಒಂದು ಪರದೆಗೆ ಏಳೆಂಟು ಸಾಲು ಮಾತ್ರ ಹಿಡಿದಿತ್ತು. ನಾನು ಅಳೆದು ಅಳೆದು ಮಾಡಿದ ಸಮತೋಲ ಪೂರ್ತಿ ಹೋಗಿ, ಚೌಕಟ್ಟು ಉದ್ದಕ್ಕೆ ಇಳಿದಿತ್ತು. ಆಫೀಸಿನಲ್ಲಾದರೆ ನಾನೇ ವಾಪಸ್ ಕಳಿಸುತ್ತಿದ್ದೆ.

ಟೀಚರ್ ಬೆರಳು ಪರದೆಯ ಮೇಲೆ ಇಟ್ಟರು. ಮನಸ್ಸಿನಲ್ಲೇ ಓದಿಕೊಳ್ಳುತ್ತಾ ಮೂರನೇ ಸಾಲಿಗೆ ಬಂದು ನಿಂತರು.

“ಅತ್ತೆಯನ್ನು ಮೆಟ್ರೊ ಹತ್ತಿಸಿದ್ದು ಯಾರು?”

“ನಾನೇ.”

“ನನ್ನ ಹತ್ರ ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ? ಮಕ್ಕಳೆಲ್ಲ ಮೆಟ್ರೊ ಮೆಟ್ರೊ ಅಂತ ನೆಗಾಡಿದಾಗ ನನ್ನ ತಲೆಯೂ ಹೋಯ್ತು ಅಂತ ಗ್ರಹಿಸಿದೆ ನಾನು.”

ಆಮೇಲೆ ಅವರು ಬೆರಳು ತೆಗೆದು ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ನನ್ನನ್ನೂ ಅಂಕಲ್‌ರನ್ನೂ ನೋಡಿದರು. ಸಿಟ್ಟಾಗಿದ್ದರು. ಅವರನ್ನು ಅಷ್ಟು ಸಿಟ್ಟಿನಲ್ಲಿ ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

“ಇವರು ಮೂರು ವರ್ಷ ನಂಗೆ ಗೊತ್ತಾಗದ ಹಾಗೆ ದೊಡ್ಡದು ಮಾಡಿಟ್ರು. ನೀನು ಎರಡು ತಿಂಗಳು ನಂಗೆ ಗೊತ್ತಾಗದ ಹಾಗೆ ಸಣ್ಣದು ಮಾಡಿಟ್ಟಿ. ಇಬ್ಬರೂ ನನ್ನ ಮೇಲೆ ಪ್ರೀತಿಯಲ್ಲೇ ಮಾಡಿದ್ದು, ಗೊತ್ತುಂಟು. ಆದರೆ ಓದುವವಳು ನಾನಲ್ವಾ? ನಿಂಗೆ ಎಷ್ಟು ದೊಡ್ಡ ಬೇಕು ಅಂತ ಒಬ್ಬರಾದ್ರೂ ಕೇಳಿದ್ರಾ?”

ಅಂಕಲ್ ಕುರ್ಚಿ ಹಿಡಿದು ಕೂತರು. ಹನ್ನೆರಡು ವರ್ಷ ಈ ಕಸುಬಿನಲ್ಲಿದ್ದೇನೆ. ಯಾವ ಅಳತೆ ಎಲ್ಲಿ ಬೇಕು ಎಂದು ಎಷ್ಟೋ ಜನರಿಗೆ ಪಾಠ ಮಾಡಿದ್ದೇನೆ. ತಪ್ಪಾಯ್ತು ಟೀಚರ್ ಎಂದೆ, ಅದು ಸಾಲದು ಎಂದು ಹೇಳುವಾಗಲೇ ಗೊತ್ತಿತ್ತು.

“ಅದು ಎಲ್ಲಿ ಮಾಡುದು, ನಂಗೆ ತೋರಿಸು,” ಎಂದರು.

ಸೆಟ್ಟಿಂಗ್ಸ್ ತೆರೆದು ತೋರಿಸಿದೆ. ಬಹಳ ಚಿಕ್ಕದು, ಚಿಕ್ಕದು, ಸಾಧಾರಣ, ದೊಡ್ಡದು, ಬಹಳ ದೊಡ್ಡದು ಎಂದು ಐದು ಇದ್ದವು. ಅವರು ಮೌಸ್ ಹಿಡಿದು, ಗಂಡ ಆರಿಸಿಟ್ಟಿದ್ದ ‘ಬಹಳ ದೊಡ್ಡದು’ ಬಿಟ್ಟು ‘ದೊಡ್ಡದು’ ಒತ್ತಿದರು. ಪುಟ ಕುಗ್ಗಿತು. ಮುಂದೆ ಬಾಗಿ, ಒಂದು ಸಾಲು ನಿಧಾನವಾಗಿ ಓದಿದರು. ಎರಡನೇ ಸಾಲಿನಲ್ಲಿ ಒಂದು ಒತ್ತಕ್ಷರದ ಹತ್ತಿರ ತಡವರಿಸಿದರು. ಇನ್ನೊಮ್ಮೆ ಪ್ರಯತ್ನಿಸಿದರು. ಅಂಕಲ್ ಬಾಯಿ ತೆರೆಯಲು ಹೊರಟರು, ನಾನು ಕೈ ಅಡ್ಡ ಹಿಡಿದೆ.

ಮತ್ತೆ ಸೆಟ್ಟಿಂಗ್ಸಿಗೆ ತಾವೇ ಹೋದರು, ದಾರಿ ತಪ್ಪಲಿಲ್ಲ. ‘ಬಹಳ ದೊಡ್ಡದು’ ಒತ್ತಿದರು.

“ನಂಗೆ ಇಷ್ಟು ಬೇಕು,” ಎಂದರು. ಆಮೇಲೆ ಇನ್ನೂ ಸ್ವಲ್ಪ ಗಟ್ಟಿಯಾಗಿ, “ಹೌದು. ಇಷ್ಟು ಬೇಕು.”

ಪಾಠವನ್ನು ಮೊದಲಿನಿಂದ ಕೊನೆಯವರೆಗೆ ದನಿ ತೆಗೆದು ಓದಿದರು. ಎಲ್ಲಿಯೂ ಪರದೆಯಿಂದ ಕಣ್ಣು ಕೀಳಲಿಲ್ಲ. ಅಂಕಲ್ ಮುಖ ಆಚೆ ತಿರುಗಿಸಿಕೊಂಡು ಪುಸ್ತಕದ ಕಟ್ಟಿನ ದಾರ ಬಿಚ್ಚತೊಡಗಿದರು, ಗಂಟು ಬಿಗಿಯಾಗಿತ್ತು. ನನಗೆ ಅಳು ಬಂದು, ಬಟಾಣಿ ಬಿಡಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

“ಮೂಗು ಒರೆಸಿಕೋ,” ಎಂದರು ಟೀಚರ್. “ಎಲ್ಲರಿಗೂ ಮೆಸೇಜ್ ಹಾಕು. ನಾಳೆ ಹತ್ತು ಗಂಟೆಗೆ ತರಗತಿ ಉಂಟು. ನಾನೇ ಓದುದು.”